ಪ್ರವಾಸಿಯ ಕೈಯ ಕ್ಯಾಮರಾ: ಫಿಲ್ಮೋ, ಡಿಜಿಟಲ್ಲೋ?

ಬೀದರ ನಗರದ ಕೋಟೆಯನ್ನೂ ಮದರಸಾವನ್ನೂ ನೋಡಿ, ಅಷ್ಟೂರಿನ ಗೋರಿಗಳ ಬಳಿ ಒಂದು ಮಧ್ಯಾಹ್ನ ಕಳೆದು, ಭಾಲ್ಕಿಯ ಮಾರ್ಗವಾಗಿ ಔರಾದಿನವರೆಗೆ ಹೋಗಿಬರಲು ವಿದ್ಯಾರ್ಥಿಗೆ ಮೂರು ದಿನಗಳು ಸಾಕು. ಆದರೆ ಕಂಡದ್ದು ಕಣ್ಣಿನಲ್ಲಿ ಬಹುಕಾಲ ನಿಲ್ಲುವುದಿಲ್ಲ. ಆದ್ದರಿಂದಲೇ ಪ್ರವಾಸಕ್ಕೆ ಹೊರಡುವವನು ಕ್ಯಾಮರಾವನ್ನು ಬಯಸುತ್ತಾನೆ. ಯಾವ ಕ್ಯಾಮರಾ ಎಂಬ ಪ್ರಶ್ನೆ ಆಗ ಏಳುತ್ತದೆ. ಪ್ರವಾಸದ ಛಾಯಾಗ್ರಹಣಕ್ಕೆ ಒಂದು ಶತಮಾನದಿಂದ ಹೆಸರಾಗಿರುವ ರೇಂಜ್‌ಫೈಂಡರ್ ಕ್ಯಾಮರಾವನ್ನು ಆಧಾರವಾಗಿಟ್ಟುಕೊಂಡು, ಫಿಲ್ಮು ಮತ್ತು ಡಿಜಿಟಲ್ ಎಂಬ ಎರಡು ವಿಧಾನಗಳ ಗುಣದೋಷಗಳನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಛಾಯಾಚಿತ್ರವು ಸಾಕ್ಷಿ

ಮಹಮೂದ್ ಗವಾನನು 1472ರಲ್ಲಿ ಕಟ್ಟಿಸಿದ ಮದರಸಾದ ಒಂದು ಪಾರ್ಶ್ವವು 17ನೇ ಶತಮಾನದ ಕೊನೆಯಲ್ಲಿ ಸಿಡಿಮದ್ದಿನ ಸ್ಫೋಟದಿಂದ ಕುಸಿಯಿತು. ಕುಸಿಯುವ ಮುನ್ನ ಆ ಭಾಗ ಹೇಗಿತ್ತೆಂಬುದನ್ನು ಉಳಿದ ಭಾಗವನ್ನು ನೋಡಿ ಊಹಿಸಬೇಕಲ್ಲದೆ ಬೇರೆ ದಾರಿಯಿಲ್ಲ. ಆಗ ಛಾಯಾಗ್ರಹಣವೇ ಹುಟ್ಟಿರಲಿಲ್ಲ. ಬೀದರವು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 19ನೇ ಶತಮಾನದ ಕೊನೆಗೆ, ಆರನೆಯ ನಿಜಾಮರ ಆಸ್ಥಾನ ಛಾಯಾಗ್ರಾಹಕರಾದ ಲಾಲಾ ದೀನ್ ದಯಾಳರು ಗಾಜಿನ ಫಲಕಗಳನ್ನೂ ಭಾರವಾದ ಸಲಕರಣೆಗಳನ್ನೂ ಹೊರಿಸಿಕೊಂಡು ಚಿತ್ರ ತೆಗೆಯಬೇಕಾಗಿತ್ತು. ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯು 1914ರಲ್ಲಿ ಸ್ಥಾಪನೆಯಾಯಿತು. ಅದರ ನಿರ್ದೇಶಕರಾಗಿದ್ದ ಗುಲಾಂ ಯಾಜ್ದಾನಿಯವರು ಬೀದರಿನ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತು ಬರೆದ ಬೃಹದ್ಗ್ರಂಥವು 1947ರಲ್ಲಿ ಪ್ರಕಟವಾಯಿತು. ಅದರಲ್ಲಿರುವ ಛಾಯಾಚಿತ್ರಗಳೊಡನೆ ಇಂದಿನ ಗೋಡೆಗಳನ್ನು ಹೋಲಿಸಿ ನೋಡುವವನಿಗೆ ಏನು ಉಳಿದಿದೆ, ಏನು ಅಳಿದಿದೆ ಎಂಬುದು ತಿಳಿಯುತ್ತದೆ. ವಿದ್ಯಾರ್ಥಿಯೊಬ್ಬನು ಇಂದು ತೆಗೆಯುವ ಚಿತ್ರವೂ ಮುಂದೊಂದು ದಿನ ಇಂತಹ ಸಾಕ್ಷಿಯಾಗಬಹುದು. ಈ ದೃಷ್ಟಿಯಿಂದ ಕ್ಯಾಮರಾದ ಆಯ್ಕೆಯು ಕೇವಲ ವಿನೋದದ ವಿಷಯವಲ್ಲ.

ರೇಂಜ್‌ಫೈಂಡರ್ ಎಂದರೇನು?

ಮೋಜಣಿದಾರನು ಹೊಳೆಯನ್ನು ದಾಟದೆ ಅದರ ಅಗಲವನ್ನು ಅಳೆಯುತ್ತಾನೆ. ಗೊತ್ತಿರುವ ಒಂದು ಪಾದರೇಖೆಯ ಎರಡು ತುದಿಗಳಿಂದ ಆಚೆ ದಡದ ಒಂದೇ ಮರವನ್ನು ನೋಡಿ, ಕೋನಗಳಿಂದ ದೂರವನ್ನು ಲೆಕ್ಕ ಹಾಕುತ್ತಾನೆ. ರೇಂಜ್‌ಫೈಂಡರ್ ಕ್ಯಾಮರಾದ ತತ್ತ್ವವೂ ಇದೇ. ಕ್ಯಾಮರಾದ ಮುಖದಲ್ಲಿ ಎರಡು ಪುಟ್ಟ ಕಿಟಕಿಗಳಿರುತ್ತವೆ. ಲೈಕಾ ಕಂಪನಿಯ ಎಂ ಮಾಲಿಕೆಯಲ್ಲಿ ಇವುಗಳ ನಡುವಿನ ಅಂತರ ಸುಮಾರು 69 ಮಿ.ಮೀ. ಎರಡೂ ಕಿಟಕಿಗಳ ಬಿಂಬಗಳು ನೋಡುವವನ ಕಣ್ಣಿನಲ್ಲಿ ಒಂದರ ಮೇಲೊಂದು ಬೀಳುತ್ತವೆ. ಲೆನ್ಸಿನ ಉಂಗುರವನ್ನು ತಿರುಗಿಸಿದಂತೆ ಜೋಡಿಬಿಂಬಗಳು ಸಮೀಪಿಸಿ ಒಂದಾಗುತ್ತವೆ. ಒಂದಾದ ಕ್ಷಣದಲ್ಲಿ ಲೆನ್ಸು ಆ ದೂರಕ್ಕೆ ಸರಿಯಾಗಿ ನಿಂತಿರುತ್ತದೆ.

ಆಸ್ಕರ್ ಬಾರ್ನಾಕ್ ಎಂಬ ಜರ್ಮನ್ ತಂತ್ರಜ್ಞನು ರೂಪಿಸಿದ ಲೈಕಾ ಕ್ಯಾಮರಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. 1932ರಲ್ಲಿ ಅದಕ್ಕೆ ಲೆನ್ಸಿನೊಡನೆ ಜೋಡಿಸಿದ ರೇಂಜ್‌ಫೈಂಡರ್ ಸೇರಿತು. 1954ರ ಎಂ3 ಮಾದರಿಯು ಈ ಪರಂಪರೆಗೆ ಸ್ಥಿರವಾದ ರೂಪವನ್ನು ಕೊಟ್ಟಿತು. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸಾನರು 1947-48ರಲ್ಲಿ ಭಾರತದಲ್ಲಿ ಸಂಚರಿಸಿದಾಗ ಬಳಸಿದ್ದು ಇಂತಹ ಪುಟ್ಟ ಕ್ಯಾಮರಾವನ್ನೇ. 2004ರಲ್ಲಿ ಎಪ್ಸನ್ ಕಂಪನಿಯು ಮೊದಲ ಡಿಜಿಟಲ್ ರೇಂಜ್‌ಫೈಂಡರನ್ನು ಹೊರತಂದಿತು. 2006ರಲ್ಲಿ ಲೈಕಾ ಎಂ8, 2009ರಲ್ಲಿ ಫಿಲ್ಮಿನ ಚೌಕಟ್ಟಿನಷ್ಟೇ, ಅಂದರೆ 24 × 36 ಮಿ.ಮೀ. ಅಳತೆಯ ಸಂವೇದಕವುಳ್ಳ ಎಂ9 ಬಂದವು. 2022ರಲ್ಲಿ ಅದೇ ಕಂಪನಿಯು 60 ಮೆಗಾಪಿಕ್ಸೆಲ್ಲಿನ ಎಂ11ನ್ನು ಬಿಡುಗಡೆ ಮಾಡಿತು. ಅದೇ ವರ್ಷ 1984ರ ಫಿಲ್ಮು ಮಾದರಿಯಾದ ಎಂ6ನ್ನೂ ಮತ್ತೆ ತಯಾರಿಸತೊಡಗಿತು. ಹಳೆಯ ವಿಧಾನವು ಅಳಿಯಲಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಈ ಬಗೆಯ ಕ್ಯಾಮರಾದ ಗುಣಗಳು ಪ್ರವಾಸಿಗೆ ಅನುಕೂಲವಾದವು. ಒಳಗೆ ಎದ್ದು ಬೀಳುವ ಕನ್ನಡಿಯಿಲ್ಲವಾದ್ದರಿಂದ ಗಾತ್ರ ಚಿಕ್ಕದು, ಸದ್ದು ಕಡಿಮೆ. ಬಿದ್ರಿ ಕುಶಲಕರ್ಮಿಯು ಉಳಿಯಿಂದ ಗೆರೆ ಕೊರೆದು ಬೆಳ್ಳಿಯ ತಂತಿಯನ್ನು ಕೂಡಿಸುತ್ತಿರುವಾಗ ಅವನ ಏಕಾಗ್ರತೆಗೆ ಭಂಗ ಬಾರದಂತೆ ಚಿತ್ರ ತೆಗೆಯಬಹುದು. ಚೌಕಟ್ಟಿನ ಹೊರಗಿನ ದೃಶ್ಯವೂ ಕಿಟಕಿಯಲ್ಲಿ ಕಾಣುವುದರಿಂದ, ಒಳಬರುವ ಮನುಷ್ಯನನ್ನು ಮೊದಲೇ ಗಮನಿಸಬಹುದು.

ದೋಷಗಳೂ ಉಂಟು. ನೋಡುವ ಕಿಟಕಿ ಬೇರೆ, ಚಿತ್ರ ಮೂಡಿಸುವ ಲೆನ್ಸು ಬೇರೆ. ಲೆನ್ಸಿನ ಮುಚ್ಚಳವನ್ನು ತೆಗೆಯಲು ಮರೆತರೂ ಕಿಟಕಿಯಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತದೆ. ಫಿಲ್ಮಿನ ಮೇಲೆ ಮಾತ್ರ ಏನೂ ಮೂಡುವುದಿಲ್ಲ. ಸಾಮಾನ್ಯವಾಗಿ 0.7 ಮೀಟರಿಗಿಂತ ಹತ್ತಿರದ ವಸ್ತುವಿಗೆ ಹೊಂದಿಸಲಾಗದು. ಆ ದೂರದಲ್ಲಿ 50 ಮಿ.ಮೀ. ಲೆನ್ಸು ಸುಮಾರು 42 ಸೆಂ.ಮೀ. ಅಗಲವನ್ನು ಕಾಣುತ್ತದೆ. ಬಿದ್ರಿಯ ಹೂಜಿಗೆ ಇದು ಸಾಕು, ಬಿದ್ರಿಯ ಗುಂಡಿಗೆ ಸಾಲದು. ದೂರದ ವಸ್ತುಗಳಿಗೆ 135 ಮಿ.ಮೀ. ಲೆನ್ಸೇ ಸಾಮಾನ್ಯ ಮಿತಿ. ಔರಾದ ತಾಲೂಕಿನ ಹುಲ್ಲುಗಾವಲಿನಲ್ಲಿ ಮನುಷ್ಯನ ಸುಳಿವು ಸಿಕ್ಕೊಡನೆ ಓಡುವ ಕೃಷ್ಣಮೃಗವನ್ನು ಹಿಡಿಯಲು ಈ ಕ್ಯಾಮರಾ ತಕ್ಕುದಲ್ಲ. ಈ ಮಿತಿಗಳು ಫಿಲ್ಮಿಗೂ ಡಿಜಿಟಲ್ಲಿಗೂ ಬಹುಮಟ್ಟಿಗೆ ಸಮಾನ. ಭೇದವಿರುವುದು ಬಿಂಬವನ್ನು ಹಿಡಿದಿಡುವ ಬಗೆಯಲ್ಲಿ.

ಬೆಳಕಿನ ಪರೀಕ್ಷೆ

ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಅದು ಸ್ಪಂದಿಸುವ ಶಕ್ತಿ, ಇಡೀ ಸುರುಳಿಗೆ ಒಂದೇ. ಡಿಜಿಟಲ್ಲಿನಲ್ಲಿ ಅದನ್ನು ಚಿತ್ರದಿಂದ ಚಿತ್ರಕ್ಕೆ ಬದಲಿಸಬಹುದು. ಕೋಟೆಯ ಕೆಂಪು ಜಂಬಿಟ್ಟಿಗೆಯ ಗೋಡೆಯ ಮುಂದೆ, ನಡುಹಗಲಿನ ಬಿಸಿಲಿನಲ್ಲಿ, ಈ ಭೇದವು ತೋರುವುದಿಲ್ಲ. ಅಲ್ಲಿ 100ರ ವೇಗದ ಫಿಲ್ಮಿಗೆ ಎಫ್16 ದ್ವಾರವೂ ಸೆಕೆಂಡಿನ 125ನೇ ಒಂದು ಭಾಗದ ಕಾಲವೂ ಸಾಕು. ಆದರೆ ಅಷ್ಟೂರಿನ ಅಹಮದ್ ಶಾಹ ವಲಿಯ ಗೋರಿಯೊಳಗೆ ಕಾಲಿಟ್ಟೊಡನೆ ಸ್ಥಿತಿ ಬದಲಾಗುತ್ತದೆ. ಗುಮ್ಮಟದ ಒಳಮೈಯ ವರ್ಣಚಿತ್ರಗಳೂ ಅಕ್ಷರಾಲಂಕಾರಗಳೂ ಮಬ್ಬಿನಲ್ಲಿವೆ. ಅಲ್ಲಿ ಫ್ಲಾಶ್ ಬೆಳಕನ್ನು ಹಾಯಿಸುವುದು ಸಲ್ಲದು. ಸಂರಕ್ಷಿತ ಸ್ಮಾರಕಗಳಲ್ಲಿ ಮುಕ್ಕಾಲಿಯನ್ನು ಬಳಸಲು ಅನುಮತಿ ಬೇಕು.

ಅಂತಹ ಸ್ಥಳದಲ್ಲಿ 400ರ ವೇಗದ ಫಿಲ್ಮಿಗೆ, ಎಫ್2 ದ್ವಾರದಲ್ಲಿ, ಸೆಕೆಂಡಿನ 8ನೇ ಒಂದು ಭಾಗ ಬೇಕಾಯಿತೆಂದು ಭಾವಿಸಿದರೆ, ಅಷ್ಟು ಹೊತ್ತು ಕೈ ನಡುಗದಂತೆ ಹಿಡಿಯುವುದು ಕಷ್ಟ. ಡಿಜಿಟಲ್ ಕ್ಯಾಮರಾದಲ್ಲಿ ವೇಗವನ್ನು 3200ಕ್ಕೆ ಏರಿಸಿದರೆ ಅದು 8 ಪಟ್ಟು ಹೆಚ್ಚಾಯಿತು. ಕಾಲವು ಸುಮಾರು 60ನೇ ಒಂದು ಭಾಗಕ್ಕೆ ಇಳಿಯುತ್ತದೆ. ಬಿಂಬದಲ್ಲಿ ಸ್ವಲ್ಪ ಮರಳು ಮರಳಾದಂತೆ ಕಂಡರೂ ಗೆರೆಗಳು ಅಲುಗಿರುವುದಿಲ್ಲ. ಒಳಾಂಗಣದ ದಾಖಲೆಗೆ ಡಿಜಿಟಲ್ಲೇ ಮೇಲು ಎಂಬುದರಲ್ಲಿ ಸಂದೇಹವಿಲ್ಲ.

ಬಿಸಿಲು ನೆರಳುಗಳು ಒಂದೇ ಚೌಕಟ್ಟಿನಲ್ಲಿ ಕೂಡಿದಾಗ ಎರಡಕ್ಕೂ ಎರಡು ನಿಯಮಗಳಿವೆ. ನೆಗೆಟಿವ್ ಫಿಲ್ಮು ಬೆಳಕು ಹೆಚ್ಚಾದುದನ್ನು ಸಹಿಸುತ್ತದೆ, ಕಡಿಮೆಯಾದುದನ್ನು ಸಹಿಸದು. ಡಿಜಿಟಲ್ ಸಂವೇದಕದ ಸ್ವಭಾವ ಇದಕ್ಕೆ ವಿರುದ್ಧ. ಬೆಳಕು ಮಿತಿಮೀರಿದ ಜಾಗ ಬರಿಯ ಬಿಳುಪಾಗಿ, ಮತ್ತೆ ಅಲ್ಲಿ ವಿವರ ದೊರೆಯುವುದಿಲ್ಲ. ಆದುದರಿಂದ ಫಿಲ್ಮಿನವನು ನೆರಳನ್ನು ಅಳೆಯಬೇಕು, ಡಿಜಿಟಲ್ಲಿನವನು ಬಿಸಿಲನ್ನು ಕಾಯಬೇಕು.

ಬಿಸಿಲು, ಧೂಳು, ವಿದ್ಯುತ್ತು

ಬೀದರ ಜಿಲ್ಲೆಯ ಬೇಸಗೆಯು 40 ಡಿಗ್ರಿಯನ್ನು ದಾಟುತ್ತದೆ. ಬಸ್ಸಿನ ಗಾಜಿನ ಬಳಿ ಇಟ್ಟ ಫಿಲ್ಮಿನ ಬಣ್ಣಗಳು ಶಾಖದಿಂದ ಕೆಡುತ್ತವೆ. ಬಟ್ಟೆಯ ಪರದೆಯ ಷಟರುಳ್ಳ ಹಳೆಯ ರೇಂಜ್‌ಫೈಂಡರನ್ನು ಮುಚ್ಚಳವಿಲ್ಲದೆ ಸೂರ್ಯನಿಗೆ ಎದುರಾಗಿ ಇಟ್ಟರೆ ಲೆನ್ಸು ಭೂತಗನ್ನಡಿಯಂತೆ ಕೆಲಸಮಾಡಿ ಪರದೆಗೆ ತೂತು ಬೀಳಿಸಬಹುದು. ಕಪ್ಪು ಬಿಳುಪು ಫಿಲ್ಮನ್ನು ಮನೆಯಲ್ಲಿಯೇ ಸಂಸ್ಕರಿಸಬಯಸುವವನು ದ್ರಾವಣವನ್ನು 20 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕು. ಬೇಸಗೆಯಲ್ಲಿ ನಲ್ಲಿಯ ನೀರು ಅದಕ್ಕಿಂತ ಬಿಸಿಯಾಗಿರುವುದರಿಂದ ಮಂಜುಗಡ್ಡೆಯ ನೆರವು ಬೇಕಾಗುತ್ತದೆ.

ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ಭಕ್ತರು ಭಂಡಾರವನ್ನು ತೂರುತ್ತಾರೆ. ಅಲ್ಲಿ ಲೆನ್ಸನ್ನು ಬದಲಿಸುವ ಡಿಜಿಟಲ್ ಕ್ಯಾಮರಾದ ಸಂವೇದಕದ ಮೇಲೆ ಅರಿಸಿನದ ಒಂದು ಕಣ ಕುಳಿತರೆ, ಅದನ್ನು ತೆಗೆಯುವವರೆಗೆ ಮುಂದಿನ ಎಲ್ಲ ಚಿತ್ರಗಳಲ್ಲಿಯೂ ಆ ಕಲೆ ಕಾಣುತ್ತದೆ. ಫಿಲ್ಮಿನಲ್ಲಾದರೋ ಪ್ರತಿ ಚಿತ್ರಕ್ಕೂ ಹೊಸ ಫಿಲ್ಮು ಮುಂದೆ ಸರಿಯುವುದರಿಂದ ಆ ಕಣವು ಸಾಮಾನ್ಯವಾಗಿ ಒಂದು ಚಿತ್ರದೊಡನೆ ಹೋಗುತ್ತದೆ. ಯಾವ ಕ್ಯಾಮರಾವಾದರೂ ಜಾತ್ರೆಯ ನಡುವೆ ಲೆನ್ಸು ಬದಲಿಸದಿರುವುದೇ ಕ್ಷೇಮ. ಬೀದರಿನ ನರಸಿಂಹ ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ದರ್ಶನ ಪಡೆಯುತ್ತಾರೆ. ಅಲ್ಲಿಗೆ ಎರಡನ್ನೂ ಒಯ್ಯಬಾರದು.

ಯಂತ್ರಮಾತ್ರದಿಂದ ನಡೆಯುವ ಎಂ3ಯಂತಹ ಕ್ಯಾಮರಾಕ್ಕೆ ಬ್ಯಾಟರಿಯೇ ಬೇಡ. ಡಿಜಿಟಲ್ ಕ್ಯಾಮರಾ ಬ್ಯಾಟರಿ ಮುಗಿದೊಡನೆ ನಿರ್ಜೀವ. ಹೆಚ್ಚುವರಿ ಬ್ಯಾಟರಿಯೊಂದನ್ನು ಇಟ್ಟುಕೊಳ್ಳದೆ ಪ್ರವಾಸ ಹೊರಡಬಾರದು. ಆದರೆ ಕೆಲವು ಹಳೆಯ ಫಿಲ್ಮು ಕ್ಯಾಮರಾಗಳು ಪಾದರಸದ ಬ್ಯಾಟರಿಗಾಗಿ ರಚಿತವಾದವು. ಅವು ಈಗ ತಯಾರಾಗುವುದಿಲ್ಲ. ಬದಲಿ ಬ್ಯಾಟರಿಯ ವ್ಯವಸ್ಥೆ ಮಾಡಿಕೊಳ್ಳಬೇಕಾಗುತ್ತದೆ.

ವೆಚ್ಚದ ವಿಚಾರ

ಇಲ್ಲಿಯೇ ಆಯ್ಕೆಯ ನಿಜವಾದ ಕಠಿಣತೆ ಇದೆ. ಡಿಜಿಟಲ್ ರೇಂಜ್‌ಫೈಂಡರ್ ತಯಾರಿಸುವವರು ಬೆರಳೆಣಿಕೆಯಷ್ಟು ಮಂದಿ. ಹೊಸ ಲೈಕಾದ ಬೆಲೆ ಲೆನ್ಸಿಲ್ಲದೆಯೇ ಹಲವು ಲಕ್ಷ ರೂಪಾಯಿಗಳು. ಸಾಮಾನ್ಯ ರೈತನ ಮಗನಿಗೆ ಅದು ಎಟುಕುವ ಮಾತಲ್ಲ. ಫಿಲ್ಮಿನಲ್ಲಿ ಮಾತ್ರ, 1966ರಲ್ಲಿ ಬಂದ ಯಾಶಿಕಾ ಎಲೆಕ್ಟ್ರೋ 35, ಸೋವಿಯತ್ ದೇಶದ ಝೋರ್ಕಿ ಮುಂತಾದ ಹಳೆಯ ರೇಂಜ್‌ಫೈಂಡರುಗಳು ಅದರ ಅಲ್ಪಾಂಶಕ್ಕೆ ದೊರೆಯುತ್ತವೆ. ಹಾಗೆಂದು ಅವು ಅಗ್ಗವೆಂದು ತಿಳಿಯಬಾರದು. ಕ್ಯಾಮರಾಕ್ಕೆ ಒಮ್ಮೆ ಹಣ ಕೊಟ್ಟರೆ ಮುಗಿಯಿತು. ಫಿಲ್ಮಿಗೆ, ಸಂಸ್ಕರಣಕ್ಕೆ, ಅಂಚೆಗೆ ಪ್ರತಿ ಸಲವೂ ಕೊಡಬೇಕು. ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು ಮುಚ್ಚಿಹೋದ ಮೇಲೆ ಹೊರದೇಶದ ಫಿಲ್ಮನ್ನೇ ಅವಲಂಬಿಸಬೇಕಾಗಿದೆ.

ಮೂರು ದಿನಗಳಿಗೆ 36 ಚಿತ್ರಗಳ 5 ಸುರುಳಿಗಳನ್ನು ಒಯ್ದರೆ ಒಟ್ಟು 180 ಚಿತ್ರಗಳು; ದಿನಕ್ಕೆ 60. ಈ ಮಿತಿಯೇ ಫಿಲ್ಮಿನ ದೊಡ್ಡ ಪಾಠ. ಔರಾದಿನ ಅಮರೇಶ್ವರ ದೇವಾಲಯದ ಎದುರು ನಿಂತವನು ಎಲ್ಲಿ ನಿಲ್ಲಬೇಕು, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಮೊದಲು ವಿಚಾರಮಾಡುತ್ತಾನೆ. ಡಿಜಿಟಲ್ಲಿನಲ್ಲಿ ನೂರು ಬಾರಿ ಒತ್ತಿ ಒಂದನ್ನು ಆರಿಸುವ ಚಪಲ ಹೆಚ್ಚು. ಆದರೆ ತಪ್ಪನ್ನು ಆ ಕ್ಷಣವೇ ಕಂಡು ತಿದ್ದಿಕೊಳ್ಳುವ ಉಪಕಾರವೂ ಅದರಲ್ಲಿಯೇ ಇದೆ. ಫಿಲ್ಮಿನವನಿಗೆ ತಪ್ಪು ಗೊತ್ತಾಗುವುದು ಊರಿಗೆ ಮರಳಿದ ಮೇಲೆ.

ಸಂರಕ್ಷಣೆ ಮತ್ತು ಟಿಪ್ಪಣಿ

ಚಿತ್ರವನ್ನು ತೆಗೆದರೆ ಸಾಲದು, ಅದು ಉಳಿಯಬೇಕು. ಚೆನ್ನಾಗಿ ತೊಳೆದ ಕಪ್ಪು ಬಿಳುಪು ನೆಗೆಟಿವನ್ನು ತಂಪಾದ, ಒಣಗಿದ ಸ್ಥಳದಲ್ಲಿಟ್ಟರೆ ಹಲವು ದಶಕಗಳ ಕಾಲ ಬಾಳುತ್ತದೆ. ಅದನ್ನು ಓದಲು ಯಾವ ಯಂತ್ರವೂ ಬೇಡ, ಬೆಳಕಿಗೆ ಹಿಡಿದರೆ ಸಾಕು. ಆದರೆ ಅದು ಒಂದೇ ಪ್ರತಿ. ತೇವಕ್ಕೋ ಬೆಂಕಿಗೋ ಸಿಕ್ಕರೆ ಮುಗಿಯಿತು. ಡಿಜಿಟಲ್ ಚಿತ್ರಕ್ಕೆ ಎಷ್ಟು ಪ್ರತಿಗಳನ್ನಾದರೂ ಮಾಡಬಹುದು, ಪ್ರತಿಯು ಮೂಲಕ್ಕಿಂತ ಒಂದಿಷ್ಟೂ ಕಡಿಮೆಯಲ್ಲ. ಆದರೆ ಪ್ರತಿಗಳನ್ನು ಮಾಡದೆ ಒಂದೇ ಕಾರ್ಡಿನಲ್ಲಿ ಬಿಟ್ಟವನು ಒಂದು ದಿನ ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಪ್ರತಿ ರಾತ್ರಿ ಎರಡು ಬೇರೆ ಬೇರೆ ಕಡೆ ನಕಲಿಸುವುದು ಡಿಜಿಟಲ್ಲಿನವನ ನಿತ್ಯನೇಮವಾಗಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡವನ್ನು ಕಲಿಸಿದರೆಂಬುದು ಗಡಿನಾಡಿನ ಮನೆಮನೆಗೂ ತಿಳಿದ ಸಂಗತಿ. ಅಂದು ಬೀದಿಯಲ್ಲಿ ನಿಂತು ಯಾರಾದರೂ ಆ ಶಾಲೆಯ ಚಿತ್ರ ತೆಗೆದಿದ್ದರೆ ಕ್ಯಾಮರಾಕ್ಕೆ ಕಾಣುತ್ತಿದ್ದುದು ಫಲಕ ಮಾತ್ರ. ಚಿತ್ರವು ಸುಳ್ಳಾಗುತ್ತಿರಲಿಲ್ಲ, ಆದರೆ ಸತ್ಯವನ್ನೂ ಹೇಳುತ್ತಿರಲಿಲ್ಲ. ಒಳಗೆ ನಡೆಯುತ್ತಿದ್ದ ಪಾಠವನ್ನು ಹೇಳಬಲ್ಲುದು ಚಿತ್ರದ ಕೆಳಗೆ ಬರೆದ ಎರಡು ಸಾಲು ಮಾತ್ರ. ಡಿಜಿಟಲ್ ಕ್ಯಾಮರಾ ದಿನಾಂಕವನ್ನೂ ಗಳಿಗೆಯನ್ನೂ ತಾನೇ ಬರೆದಿಡುತ್ತದೆ, ಅರ್ಥವನ್ನು ಬರೆಯುವುದಿಲ್ಲ. ಫಿಲ್ಮು ಅದನ್ನೂ ಬರೆಯುವುದಿಲ್ಲ. ಆದ್ದರಿಂದ ಸ್ಥಳ, ದಿನಾಂಕ, ದಿಕ್ಕು, ಕಂಡ ವ್ಯಕ್ತಿಯ ಕಸುಬು, ಕೇಳಿದ ಮಾತು, ಇವನ್ನು ಆಗಿಂದಾಗಲೇ ಬರೆದುಕೊಳ್ಳುವ ಟಿಪ್ಪಣಿ ಪುಸ್ತಕವು ಎರಡು ಬಗೆಯವರಿಗೂ ಕ್ಯಾಮರಾದಷ್ಟೇ ಅವಶ್ಯ.

ನಿರ್ಣಯ

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವಿಷ್ಟು. ಕತ್ತಲ ಒಳಾಂಗಣ, ಒಮ್ಮೆ ಮಾತ್ರ ದೊರೆಯುವ ದೃಶ್ಯ, ತಪ್ಪಿದರೆ ಮತ್ತೆ ಹೋಗಲಾಗದ ದೂರ, ಇವುಗಳ ದಾಖಲೆಗೆ ಡಿಜಿಟಲ್ಲೇ ತಕ್ಕುದು. ಡಿಜಿಟಲ್ ರೇಂಜ್‌ಫೈಂಡರು ಎಟುಕದ ವಿದ್ಯಾರ್ಥಿಯು ಅದಕ್ಕಾಗಿ ಕೊರಗಬೇಕಾಗಿಲ್ಲ. ಸಾಧಾರಣ ಡಿಜಿಟಲ್ ಕ್ಯಾಮರಾ, ಅದೂ ಇಲ್ಲದಿದ್ದರೆ ಮನೆಯ ಮೊಬೈಲು ಈ ಕೆಲಸವನ್ನು ಮಾಡಬಲ್ಲದು. ಮನೆಯಲ್ಲಿ ತಾತನ ಕಾಲದ ಫಿಲ್ಮು ರೇಂಜ್‌ಫೈಂಡರು ಇದ್ದರೆ ಅದನ್ನು ಪೆಟ್ಟಿಗೆಯಲ್ಲಿ ಕೊಳೆಯಿಸಬಾರದು. ವರ್ಷಕ್ಕೆ ಒಂದೆರಡು ಕಪ್ಪು ಬಿಳುಪು ಸುರುಳಿಗಳನ್ನಾದರೂ ಅದರಲ್ಲಿ ತೆಗೆದರೆ ಬೆಳಕನ್ನು ಅಳೆಯುವ, ದೂರವನ್ನು ನಿರ್ಧರಿಸುವ, ಒತ್ತುವ ಮುನ್ನ ಯೋಚಿಸುವ ಅಭ್ಯಾಸ ಬೆಳೆಯುತ್ತದೆ. ಆ ಅಭ್ಯಾಸವನ್ನು ಡಿಜಿಟಲ್ಲಿಗೂ ತಂದವನು ದಿನಕ್ಕೆ ಅರವತ್ತೇ ಚಿತ್ರಗಳನ್ನು ತೆಗೆದರೂ ಅರವತ್ತಕ್ಕೂ ಕಾರಣ ಹೇಳಬಲ್ಲನು. ಕ್ಯಾಮರಾ ಯಾವುದೆಂದು ಮುಂದಿನ ತಲೆಮಾರಿನವರು ಕೇಳುವುದಿಲ್ಲ. ಅಷ್ಟೂರಿನ ಬಣ್ಣ ಹೇಗಿತ್ತು, ಔರಾದಿನ ಜಾತ್ರೆಯಲ್ಲಿ ಯಾರಿದ್ದರು ಎಂದು ಕೇಳುತ್ತಾರೆ. ಉತ್ತರ ಕೊಡುವ ಹೊಣೆ ಇಂದಿನ ವಿದ್ಯಾರ್ಥಿಗಳದು.