ಡೀಫಾಲ್ಟ್ ಅಂಚೆಖಾತೆಯ ಎಲ್ಲೆ

ಜಾಲತಾಣಕ್ಕಾಗಿ ಹೋಸ್ಟಿಂಗ್ ಸರ್ವರಿನಲ್ಲಿ ಸ್ಥಳವನ್ನು ಬಾಡಿಗೆಗೆ ಪಡೆದ ಸಂಸ್ಥೆಗೆ, ತಾನು ಕೇಳದಿದ್ದರೂ, ಒಂದು ಇ-ಅಂಚೆ ಖಾತೆ ಒದಗಿರುತ್ತದೆ. ಸಿಪ್ಯಾನೆಲ್ ವ್ಯವಸ್ಥೆಯಲ್ಲಿ ಇದನ್ನು ಡೀಫಾಲ್ಟ್ ಖಾತೆಯೆನ್ನುವರು. ಬಳಕೆದಾರನ ಹೆಸರೇ ಇದರ ಹೆಸರು, ಅಳಿಸಿಹಾಕಲು ಬರುವಂತಿಲ್ಲ. ಎಷ್ಟೋ ಸಂಸ್ಥೆಗಳ ಆಡಳಿತದವರು ಇದನ್ನು ಒಮ್ಮೆಯೂ ತೆರೆದು ನೋಡಿರಲಾರರು. ಇಂತಹ ಖಾತೆಯನ್ನು ಸರ್ವರಿನ ಒಳಗಣ ಅಂಚೆಗಷ್ಟೇ ಸೀಮಿತಗೊಳಿಸುವುದು ಏಕೆ ಲೇಸೆಂಬುದೇ ಪ್ರಸ್ತುತ ಲೇಖನದ ವಿಷಯ.

ಈ ಖಾತೆಯು ಯೂನಿಕ್ಸ್ ಪರಂಪರೆಯ ಬಳುವಳಿ. ಒಂದೇ ಗಣಕಯಂತ್ರವನ್ನು ಹಲವರು ಹಂಚಿಕೊಂಡು ದುಡಿಯುತ್ತಿದ್ದ ೧೯೭೦ರ ದಶಕದಲ್ಲಿ ಬಳಕೆದಾರನಿಗೆ ಯಂತ್ರದೊಳಗೇ ಒಂದು ಅಂಚೆಪೆಟ್ಟಿಗೆಯಿರುತ್ತಿತ್ತು. ಯಂತ್ರವೂ ಅದರೊಳಗೆ ವರದಿ ಹಾಕುವುದುಂಟು. ಗೊತ್ತಾದ ವೇಳೆಗೆ ಕೆಲಸಗಳನ್ನು ನಡೆಸುವ ಕ್ರಾನ್ ಎಂಬ ಕಾರ್ಯಕ್ರಮ ಅವುಗಳ ಫಲಿತವನ್ನು ಇಂದಿಗೂ ಹೀಗೆಯೇ ತಿಳಿಸುತ್ತದೆ. ಶಾಲೆಯಲ್ಲಿ ಜವಾನನು ತರಗತಿಯಿಂದ ತರಗತಿಗೆ ಒಯ್ಯುವ ಸೂಚನಾಪುಸ್ತಕವನ್ನು ಇಲ್ಲಿ ನೆನೆಯಬಹುದು. ಅದನ್ನು ಯಾರೂ ಅಂಚೆಗೆ ಹಾಕುವುದಿಲ್ಲ.

ಆ ಪೆಟ್ಟಿಗೆ ಲೋಕಕ್ಕೆಲ್ಲ ತೆರೆದುಕೊಂಡಾಗ ತೊಡಕು ಮೊದಲಾಗುತ್ತದೆ. ವಿಳಾಸ ತಪ್ಪಿದ ಪತ್ರಗಳೆಲ್ಲ ಇದಕ್ಕೇ ಬರಲೆಂದು ಏರ್ಪಡಿಸಿದ್ದರೆ, ಹೆಸರುಗಳನ್ನು ಊಹಿಸಿ ಕಳುಹಿಸುವವರ ಕಸವೆಲ್ಲ ಇಲ್ಲಿ ರಾಶಿ ಬೀಳುತ್ತದೆ. ಪತ್ರಗಳಿಗೂ ಜಾಲತಾಣಕ್ಕೂ ನಿಗದಿಯಾದ ಜಾಗ ಒಂದೇ ಆದಲ್ಲಿ, ಅದು ತುಂಬಿದ ದಿನ ಪ್ರವೇಶದ ಅರ್ಜಿಯೂ ನಿಲ್ಲಬಹುದು. ಇದಕ್ಕಿಂತ ಘೋರವಾದುದು ಹೊರಹೋಗುವ ಅಂಚೆ. ತಾಣದ ಹಳೆಯ ಕಾರ್ಯಕ್ರಮದೊಳಗೆ ನುಸುಳಿದ ದುಷ್ಟರು ಈ ಖಾತೆಯ ಹೆಸರಿನಲ್ಲಿ ಸಾವಿರಾರು ಪತ್ರಗಳನ್ನು ಹೊರಡಿಸಬಲ್ಲರು. ಆಗ ಇತರ ಸರ್ವರುಗಳು ನಮ್ಮ ಐ.ಪಿ. ಸಂಖ್ಯೆಯನ್ನೇ ಶಂಕಿಸುತ್ತವೆ. ದಾನಿಗಳಿಗೆ ಕಳುಹಿಸಿದ ರಸೀತಿಯೂ ಹಿಂದಿರುಗುತ್ತದೆ. ಆ ಸಂಖ್ಯೆಯನ್ನು ಹಂಚಿಕೊಂಡ ನೆರೆಯವರೂ ನಿಷ್ಕಾರಣವಾಗಿ ದಂಡ ತೆರುತ್ತಾರೆ.

ಬಾಡಿಗೆಯ ಸರ್ವರಿನಲ್ಲಿ, ಗೊತ್ತಿಲ್ಲದ ವಿಳಾಸದ ಪತ್ರವನ್ನು ಬಾಗಿಲಲ್ಲೇ ನಿರಾಕರಿಸುವಂತೆ ಏರ್ಪಡಿಸುವುದು ಮೊದಲ ಕೆಲಸ. ೧೯೮೨ರಲ್ಲಿ ಜಾನ್ ಪೋಸ್ಟೆಲ್ ಬರೆದ ಎಸ್.ಎಂ.ಟಿ.ಪಿ. ನಿಯಮಾವಳಿಯಲ್ಲೇ ಇದಕ್ಕೆ ೫೫೦ ಎಂಬ ಉತ್ತರವಿದೆ. ಒಳಗೆ ಬಿಟ್ಟುಕೊಂಡು ಆಮೇಲೆ ಹಿಂದಿರುಗಿಸುವುದು ಸಲ್ಲದು. ಕಳುಹಿಸಿದವನ ಹೆಸರು ಕಳ್ಳಹೆಸರಾಗಿದ್ದರೆ ಆ ಪತ್ರ ನಿರಪರಾಧಿಯೊಬ್ಬನ ಮನೆ ಸೇರುತ್ತದೆ. ಪೋಸ್ಟ್‌ಮಾಸ್ಟರ್ ಎಂಬ ವಿಳಾಸವನ್ನು ಮಾತ್ರ ಮುಚ್ಚಬಾರದು, ಅದು ನಿಯಮ.

ಒಳಗಿನ ವರದಿಗಳ ಹೊರತು ಬೇರೆ ಅಂಚೆಯೇ ಬೇಡದ ಸ್ವಂತ ಸರ್ವರಾದರೆ ಕೆಲಸ ಇನ್ನೂ ಸುಲಭ. ಪೋಸ್ಟ್‌ಫಿಕ್ಸ್ ತಂತ್ರಾಂಶವು ೧೨೭.೦.೦.೧ ಎಂಬ ಸ್ವಂತ ವಿಳಾಸಕ್ಕಷ್ಟೇ ಕಿವಿಗೊಡುವಂತೆ ಮಾಡಬಹುದು. ಆದರೆ ಇದರಿಂದ ಒಳಬರುವುದು ನಿಂತೀತೇ ಹೊರತು ಹೊರಹೋಗುವುದು ನಿಲ್ಲದು. ಅದನ್ನು ಪ್ರತ್ಯೇಕವಾಗಿ ತಡೆಯಬೇಕು. ಡೆಬಿಯನ್ ಸ್ಥಾಪನೆಯಲ್ಲಿ ‘ಸ್ಥಳೀಯ ಮಾತ್ರ’ ಎಂಬ ಆಯ್ಕೆಯು ಎರಡನ್ನೂ ಒಟ್ಟಿಗೆ ನೆರವೇರಿಸುತ್ತದೆ.

ಒಂದು ಎಚ್ಚರಿಕೆ ಅಗತ್ಯ. ತಾಣದ ವಿಚಾರಣಾ ಪತ್ರಗಳು ಅನೇಕ ವೇಳೆ ಇದೇ ಖಾತೆಯ ಹೆಸರಿನಲ್ಲಿ ಹೊರಡುತ್ತಿರುತ್ತವೆ. ಎಲ್ಲೆ ಕಟ್ಟಿದೊಡನೆ ಅವು ಸದ್ದಿಲ್ಲದೆ ನಿಂತುಹೋಗುವುವು. ಆದುದರಿಂದ ಗುಪ್ತಪದವುಳ್ಳ ಬೇರೊಂದು ಖಾತೆಯನ್ನು ತೆರೆದು, ಅವುಗಳನ್ನು ಅದರ ಮೂಲಕ ಕಳುಹಿಸಿ ನೋಡಿದ ಬಳಿಕವೇ ಹಳೆಯದನ್ನು ಮುಚ್ಚತಕ್ಕದ್ದು. ಮುಚ್ಚಿದ ಮೇಲೂ ಕ್ರಾನ್‌ನ ವರದಿಗಳು ಬರುತ್ತಲೇ ಇರುವುದರಿಂದ, ವಾರಕ್ಕೊಮ್ಮೆ ಅವುಗಳನ್ನು ಓದುವ ಹೊಣೆಯನ್ನು ಯಾರಿಗಾದರೂ ಹೆಸರಿಟ್ಟು ವಹಿಸಬೇಕಾಗುತ್ತದೆ.