ಪದ್ಯ ಕಟ್ಟುವ ಭಾಗವತರಿಗೆ

ಹಾಲಾಡಿಯ ಸುತ್ತಮುತ್ತ ಯಕ್ಷಗಾನದಲ್ಲಿ ಭಾಗವತರೆಂದರೆ ಮೊದಲನೇ ವೇಷ. ತಾಳ ಹಿಡಿದು ಕೂತು ಬೆಳಗಿನವರೆಗೆ ಆಟ ನಡೆಸುವವರು ಅವರೇ. ಹಾಡುವುದರ ಜೊತೆಗೆ ಪ್ರಸಂಗವನ್ನೂ ಬರೆಯಬೇಕೆಂಬ ಆಸೆ ಹೊತ್ತು ಬರುವ ಹುಡುಗರಿಗೆ ನಾನು ಹೇಳುವುದು ಇಷ್ಟು.

1. ಮೊದಲು ಮಟ್ಟು, ಅಂದರೆ ಪದ್ಯದ ಧಾಟಿ, ಕಲಿಯಿರಿ. ಪಾರ್ತಿಸುಬ್ಬ, ದೇವಿದಾಸ, ಇಲ್ಲೇ ಹತ್ತಿರದ ಹಟ್ಟಿಯಂಗಡಿ ರಾಮಭಟ್ಟ, ಈ ಹಳೆಯ ಪ್ರಸಂಗಕರ್ತರ ಪದ್ಯಗಳನ್ನು ಬಾಯಿಪಾಠ ಮಾಡಿದರೆ ಮಟ್ಟುಗಳು ಕಿವಿಯಲ್ಲಿ ತಾವಾಗಿ ಕೂರುತ್ತವೆ. ಹೊಸ ಕಥೆಯನ್ನು ಆ ಹಳೆಯ ಮಟ್ಟುಗಳಲ್ಲೇ ಕಟ್ಟಬೇಕು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಕೂಡ ಊರವರ ಬಾಯಲ್ಲಿದ್ದ ಧಾಟಿಗಳಿಗೇ ಹೊಸ ಪದ ಹೊಸೆದ ಎಂದು ಓದಿದಾಗ, ಆತ ನಮ್ಮ ಪ್ರಸಂಗಕರ್ತರ ಬಳಗದವನೇ ಅನ್ನಿಸಿತು.

2. ಪದ್ಯದಲ್ಲಿ ವೇಷಕ್ಕೆ ಜಾಗ ಬಿಡಿ. ಹಾಡುವವನೇ ಬರೆದಾಗ ಇದು ಬಹಳ ಕಷ್ಟ. ತನ್ನ ಕಂಠಕ್ಕೆ ಒಪ್ಪುವುದನ್ನೆಲ್ಲ ಹಾಕಿಬಿಡುವ ಮನಸ್ಸಾಗುತ್ತದೆ. ಚೌಕಿಯಲ್ಲಿ ಮುಂಡಾಸು ಕಟ್ಟಿಕೊಳ್ಳುತ್ತಾ ಹಿರಿಯ ವೇಷಧಾರಿಯೊಬ್ಬರು ಹೇಳುತ್ತಿದ್ದರು: "ಪದ್ಯ ಲಾಯ್ಕ್ ಇತ್ತ್ ಭಾಗ್ವತ್ರೆ, ನಂಗೆ ಕೊಣುಕೆ ಜಾಗ ಎಲ್ಲಿತ್ತ್?"

ಅಭಿಮನ್ಯು ಚಕ್ರವ್ಯೂಹಕ್ಕೆ ಹೊರಡುವ ಸನ್ನಿವೇಶವನ್ನೇ ತೆಗೆದುಕೊಳ್ಳಿ. ಹುಡುಗನ ಶೌರ್ಯ, ಸುಭದ್ರೆಯ ಅಳಲು, ಧರ್ಮರಾಯನ ಅಳುಕು, ಎಲ್ಲವನ್ನೂ ನಾಲ್ಕು ಸಾಲಿಗೆ ತುರುಕಿದರೆ ಅರ್ಥ ಹೇಳುವವರಿಗೆ ಉಳಿಯುವುದು ಅದನ್ನೇ ಗದ್ಯ ಮಾಡುವ ಕೆಲಸ. ಹುಡುಗ ದೊಡ್ಡಪ್ಪನಿಗೆ ಹಾಕುವ ಒಂದು ಪ್ರಶ್ನೆಗೆ ಪದ್ಯ ನಿಲ್ಲಲಿ. ಧರ್ಮರಾಯ ಬಾಯಿ ತೆರೆಯಲೇಬೇಕಾಗುತ್ತದೆ. ಇನ್ನೊಂದು: ಸ್ವರ ಎಳೆಯುವ ಜಾಗದಲ್ಲಿ ದೀರ್ಘಾಕ್ಷರ ಇಡಿ. ಅಲ್ಲಿ ಒತ್ತಕ್ಷರಗಳು ಗುಂಪು ಕಟ್ಟಿದರೆ ಚೆಂಡೆಯ ಪೆಟ್ಟಿನ ನಡುವೆ ಹಿಂದಿನ ಸಾಲಿನಲ್ಲಿ ಕೂತವರಿಗೆ ಶಬ್ದವೇ ಕೇಳುವುದಿಲ್ಲ.

3. ಕಥೆ ಮುಂದೆ ಓಡಬೇಕಾದಲ್ಲಿ ಭಾಮಿನಿ ಷಟ್ಪದಿ ಬರೆಯಿರಿ. 14 ಮಾತ್ರೆಯ ನಾಲ್ಕು ಸಾಲು, 23 ಮಾತ್ರೆಯ ಎರಡು ಸಾಲು. ತಾಳದ ಹಂಗಿಲ್ಲದೆ ಹಾಡಬಹುದು, ವನವಾಸವನ್ನೇ ಒಂದು ಭಾಮಿನಿಯಲ್ಲಿ ದಾಟಿಸಬಹುದು.

4. ಭಾಗವತ ಗುಂಡ್ಮಿ ಕಾಳಿಂಗ ನಾವುಡರ ಕಂಠವನ್ನು ಅನುಕರಿಸಬೇಡಿ, ಅವರು ನಡೆದ ದಾರಿ ನೋಡಿ. ತಂದೆ ರಾಮಚಂದ್ರ ನಾವುಡರೂ ಭಾಗವತರು. ಹಂಗಾರಕಟ್ಟೆಯ ಕಲಾಕೇಂದ್ರದಲ್ಲಿ ಗುರು ನಾರ್ಣಪ್ಪ ಉಪ್ಪೂರರು. ಸಂಪ್ರದಾಯದ ಪಾಠ ಗಟ್ಟಿಯಾದ ಮೇಲೇ ನಾವುಡರು ಹೊಸ ರಾಗಗಳಿಗೆ ಕೈ ಹಾಕಿದ್ದು, 'ನಾಗಶ್ರೀ'ಯಂಥ ಪ್ರಸಂಗ ಬರೆದದ್ದು. ಸಾಲಿಗ್ರಾಮ ಮೇಳದ ಡೇರೆ ಅವರ ಪದ್ಯಕ್ಕಾಗಿ ತುಂಬುತ್ತಿತ್ತು. 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗಿನ್ನೂ ಮೂವತ್ತೆರಡು ತುಂಬಿರಲಿಲ್ಲ. ಇಂದಿಗೂ ಅವರ ಧ್ವನಿಮುದ್ರಿಕೆ ಕೇಳಿ ಕಲಿಯುವವರು ಏರುಪದ್ಯವನ್ನಷ್ಟೇ ಹಿಡಿದುಕೊಳ್ಳುತ್ತಾರೆ, ಸಾಹಿತ್ಯ ಎಷ್ಟು ಸ್ಪಷ್ಟವಾಗಿ ಕೇಳುತ್ತದೆ ಎಂಬುದನ್ನು ಗಮನಿಸುವುದಿಲ್ಲ. ಇದು ನನಗೆ ಬಹಳ ಬೇಸರದ ಸಂಗತಿ.

5. ಸಂಗೀತಗಾರನಾಗಿ, ಅಂದರೆ ಸಹಾಯಕ ಭಾಗವತನಾಗಿ, ಪೂರ್ವರಂಗ ಹಾಡುವ ವರ್ಷಗಳನ್ನು ಬೇಗ ಮುಗಿಸುವ ಆತುರ ಬೇಡ. ಬಾಲಗೋಪಾಲರನ್ನು, ಸ್ತ್ರೀವೇಷಗಳನ್ನು ಕುಣಿಸುವಾಗಲೇ ಕಾಲಿನ ಲೆಕ್ಕ ಬಾಯಿಗೆ ಬರುವುದು.

6. ಮೇಳದ ತಿರುಗಾಟ ಮಳೆಗೆ ಮುಂಚೆ ಮುಗಿಯುತ್ತದೆ. ಆಮೇಲಿನ ತಿಂಗಳುಗಳ ಸಂಪಾದನೆಗೆ ತಾಳಮದ್ದಳೆ, ಮನೆಮನೆಗೆ ಹೋಗುವ ಚಿಕ್ಕಮೇಳ, ಬೆಂಗಳೂರು–ಮುಂಬಯಿಯ ಆಟಗಳಿವೆ. ಹೊಸ ಪ್ರಸಂಗವನ್ನು ಪರೀಕ್ಷಿಸಲು ತಾಳಮದ್ದಳೆಯೇ ಸರಿಯಾದ ಜಾಗ: ಬಣ್ಣವಿಲ್ಲ, ಕುಣಿತವಿಲ್ಲ, ಪದ್ಯ ಮತ್ತು ಮಾತು ಎರಡೇ. ಅರ್ಥಧಾರಿ ಯಾವ ಪದ್ಯದ ಮೇಲೆ ತಡವರಿಸುತ್ತಾರೋ ಅದಕ್ಕೆ ಅಲ್ಲೇ ಪೆನ್ಸಿಲಿನಲ್ಲಿ ಗುರುತು ಹಾಕಿ, ಮನೆಗೆ ಬಂದು ತಿದ್ದುತ್ತೇನೆ. ದೀಪಾವಳಿಯ ಹೊತ್ತಿಗೆ ಗುರುತಿಲ್ಲದೆ ಉಳಿದ ಪದ್ಯಗಳನ್ನಷ್ಟೇ ಮೇಳಕ್ಕೆ ಕೊಡುವುದು.