ಅಬಲೂರಿನ ಕಲ್ಲಿನಿಂದ ಭಾರತದ ಕಥೆಗೆ: ಮನೆಯಲ್ಲಿ ಮಕ್ಕಳಿಗೆ ಇತಿಹಾಸ ಕಲಿಸುವ ಕ್ರಮ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ವಿದ್ಯಾಭ್ಯಾಸ ಮಾಡಿಸುವ ತಾಯಿತಂದೆಗಳಿಗೆ, ಗಣಿತವನ್ನಾಗಲಿ ಭಾಷೆಯನ್ನಾಗಲಿ ಕಲಿಸುವಾಗ ಕಾಣದ ಒಂದು ತೊಡಕು ಇತಿಹಾಸದ ವಿಷಯದಲ್ಲಿ ಎದುರಾಗುತ್ತದೆ. ಲೆಕ್ಕ ತಪ್ಪಿದರೆ ತಾಳೆ ನೋಡಿದ ಕೂಡಲೆ ತಿಳಿದುಬರುತ್ತದೆ. ಓದು ತಪ್ಪಿದರೆ ಕಿವಿಗೆ ಗೊತ್ತಾಗುತ್ತದೆ. ಆದರೆ ನೂರಾರು ವರ್ಷಗಳ ಹಿಂದೆ ನಡೆದುಹೋದ ಸಂಗತಿಯನ್ನು ಕುರಿತು ಹಿರಿಯರು ಹೇಳಿದ ಮಾತು ದಿಟವೋ ಅಲ್ಲವೋ ಎಂಬುದನ್ನು ಮಗು ಯಾವ ಒರೆಗಲ್ಲಿಗೆ ತಿಕ್ಕಿ ನೋಡಬೇಕು? ಈ ಪ್ರಶ್ನೆಗೆ ಉತ್ತರವನ್ನು ಮಗುವಿನ ಕೈಗೇ ಕೊಡುವುದು ಇತಿಹಾಸಬೋಧನೆಯ ಮೊದಲ ಕರ್ತವ್ಯವೆಂದು ನಾನು ನಂಬಿದ್ದೇನೆ. ತನ್ನ ಊರಿನಲ್ಲಿ, ತನ್ನ ಕಣ್ಣೆದುರಿಗೆ ನಿಂತಿರುವ ಒಂದು ಸಾಕ್ಷ್ಯವನ್ನು ಪರೀಕ್ಷಿಸಲು ಕಲಿತ ಬಾಲಕನು ದೇಶದ ಇತಿಹಾಸವನ್ನು ಓದುವಾಗಲೂ ಆಧಾರವೆಲ್ಲಿ ಎಂದು ಕೇಳದೆ ಇರಲಾರನು.

ಈ ಕ್ರಮಕ್ಕೆ ಉದಾಹರಣೆಯಾಗಿ ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬಲೂರನ್ನು ಆರಿಸಿಕೊಂಡಿದ್ದೇನೆ. ಸರ್ವಜ್ಞನ ಜನ್ಮಸ್ಥಳವೆಂದು ನಾಡೆಲ್ಲ ನೆನೆಯುವ ಈ ಗ್ರಾಮದಲ್ಲಿ ಬ್ರಹ್ಮೇಶ್ವರ, ಸೋಮೇಶ್ವರ ಎಂಬ ಎರಡು ಪ್ರಾಚೀನ ದೇವಾಲಯಗಳೂ, ವಿದ್ವಾಂಸರು ಮತ್ತೆ ಮತ್ತೆ ಪರಾಮರ್ಶಿಸಿದ ಶಾಸನಗಳೂ ಇವೆ. ಬೇರೆ ಊರುಗಳಲ್ಲಿರುವವರು ಇದೇ ಕ್ರಮವನ್ನು ತಮ್ಮ ಊರಿನ ವೀರಗಲ್ಲಿಗೋ ಕೋಟೆಗೋ ಕೆರೆಗೋ ಅನ್ವಯಿಸಿಕೊಳ್ಳಬಹುದು. ಮಕ್ಕಳು ಶಾಲೆಗೆ ಹೋಗುತ್ತಿದ್ದರೂ ರಜೆಯ ದಿನಗಳಲ್ಲಿ ಇದನ್ನು ನಡೆಸಬಹುದು.

1. ವಯಸ್ಸಿಗೆ ತಕ್ಕಂತೆ ಪಾಠವನ್ನು ಹಂಚಿಕೊಳ್ಳಿ

ಆರರಿಂದ ಎಂಟು ವರ್ಷದ ಮಗುವಿಗೆ ಮನೆತನದ ಕಥೆಯೇ ಇತಿಹಾಸ: ಅಜ್ಜಿಯ ತವರುಮನೆ ಯಾವುದು, ಮುತ್ತಜ್ಜನು ಯಾವ ಬೆಳೆ ತೆಗೆಯುತ್ತಿದ್ದನು, ಊರಿಗೆ ವಿದ್ಯುತ್ತು ಬರುವ ಮೊದಲು ರಾತ್ರಿಯ ಊಟ ಹೇಗೆ ನಡೆಯುತ್ತಿತ್ತು ಎಂಬಿಷ್ಟು ಸಾಕು. ಒಂಬತ್ತರಿಂದ ಹನ್ನೊಂದರವರೆಗೆ ಊರು ಮತ್ತು ಸುತ್ತಣ ಸೀಮೆ; ಹನ್ನೆರಡರಿಂದ ಮುಂದೆ ನಾಡು, ದೇಶ ಮತ್ತು ಆಧಾರಗಳ ಪರಿಶೀಲನೆ. ವಾರಕ್ಕೆ ಎರಡು ದಿನ, ದಿನಕ್ಕೆ ಮುಕ್ಕಾಲು ಗಂಟೆ ಇದಕ್ಕೆ ಮೀಸಲಿಟ್ಟರೆ ಸಾಲುತ್ತದೆ. ಒಂದು ದಿನ ಓದು ಮತ್ತು ಕಥನ, ಮತ್ತೊಂದು ದಿನ ಬರಹ ಮತ್ತು ಚಿತ್ರ, ತಿಂಗಳಿಗೊಮ್ಮೆ ಸ್ಥಳದರ್ಶನ. ಕಾಲಾನುಕ್ರಮ ತಪ್ಪದಂತೆ ನೋಡಿಕೊಳ್ಳುವುದಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘದ ಸಮಾಜ ವಿಜ್ಞಾನದ ಪುಸ್ತಕಗಳನ್ನು ಆಧಾರವಾಗಿ ಇಟ್ಟುಕೊಳ್ಳಿರಿ.

2. ಕಾಲವನ್ನು ಕೈಯಿಂದ ಅಳೆಯಿಸಿ

ಮಕ್ಕಳಿಗೆ ಇಸವಿಗಳು ಬರಿಯ ಅಂಕಿಗಳು. ಅಶೋಕನಿಗೂ ಅಕ್ಬರನಿಗೂ ನಡುವಣ ಅಂತರವು ಅವರ ಮನಸ್ಸಿಗೆ ಹತ್ತಬೇಕಾದರೆ ಅದನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು. ಉದ್ದವಾದ ಒಂದು ಹುರಿಯನ್ನು ತೆಗೆದುಕೊಂಡು, ಒಬ್ಬರದೇ ಕೈಯ ಅಳತೆಯಿಂದ, ಶತಮಾನಕ್ಕೆ ಒಂದು ಗೇಣಿನಂತೆ ಗಂಟು ಹಾಕಿಸಿ ಗೋಡೆಗೆ ಕಟ್ಟಿಸಿರಿ. ಇಂದಿನಿಂದ ಹಿಂದಕ್ಕೆ ಎಣಿಸಿದರೆ 1947ರ ಸ್ವಾತಂತ್ರ್ಯವು ಮೊದಲ ಗೇಣಿನೊಳಗೇ ಇರುತ್ತದೆ, ಮುಂದೆ ಹೇಳಲಿರುವ ಅಬಲೂರಿನ ಪ್ರಸಿದ್ಧ ಶಾಸನವು ಎಂಟು ಗೇಣಿಗೆ ತುಸು ಆಚೆ, ಸುಮಾರು ಕ್ರಿ.ಶ. 450ರದೆಂದು ಗಣಿಸಲಾದ ಹಲ್ಮಿಡಿ ಶಾಸನವು ಸುಮಾರು ಹದಿನಾರನೆಯ ಗೇಣಿನಲ್ಲಿ. ಮಸ್ಕಿ, ಬ್ರಹ್ಮಗಿರಿ, ಕೊಪ್ಪಳಗಳ ಬಂಡೆಗಳ ಮೇಲೆ ಅಶೋಕನು ಬರೆಯಿಸಿದ ಧರ್ಮಲಿಪಿಗಳು ಇಪ್ಪತ್ಮೂರರ ಸಮೀಪದಲ್ಲಿ. ಇಷ್ಟು ದೀರ್ಘವಾದ ಕಾಲಪ್ರವಾಹದಲ್ಲಿ ತಾನು ಅನುಭವಿಸುತ್ತಿರುವ ಸ್ವಾತಂತ್ರ್ಯವು ಒಂದು ಗೇಣನ್ನೂ ತುಂಬಿಲ್ಲವೆಂಬುದನ್ನು ತನ್ನ ಬೆರಳುಗಳಿಂದಲೇ ಅಳೆದು ಕಂಡ ಮಗು ಅದನ್ನು ಹಗುರವಾಗಿ ಎಣಿಸುವುದಿಲ್ಲ.

3. ಶಾಸನದ ಎದುರಿಗೆ ಕರೆದುಕೊಂಡು ಹೋಗಿ

ದೇವಾಲಯಕ್ಕೆ ಹೋಗುವ ಮುನ್ನ ಅರ್ಚಕರ ಅನುಮತಿಯನ್ನು ಪಡೆಯಿರಿ. ಬಯಲಿನಲ್ಲಿರುವ ಕಲ್ಲಾದರೆ ಮುಂಜಾನೆ ಅಥವಾ ಇಳಿಹೊತ್ತು ಒಳ್ಳೆಯದು. ಓರೆಯಾಗಿ ಬೀಳುವ ಬೆಳಕಿನಲ್ಲಿ ಸವೆದ ಅಕ್ಷರಗಳ ಅಂಚುಗಳು ಎದ್ದು ಕಾಣುತ್ತವೆ. ಒಳಗೆ ಕತ್ತಲಿದ್ದರೆ ಬ್ಯಾಟರಿಯನ್ನು ಪಕ್ಕದಿಂದ ಹಿಡಿದರಾಯಿತು. ಅಕ್ಷರಗಳಿಗೆ ಸುಣ್ಣ ತುಂಬುವುದು, ಎಣ್ಣೆ ಸವರುವುದು, ಸೀಮೆಸುಣ್ಣದಿಂದ ತಿದ್ದುವುದು ಇವುಗಳನ್ನು ಎಂದಿಗೂ ಮಾಡಬಾರದು, ಮಾಡಗೊಡಬಾರದು.

ಮೊದಲು ಓದಲು ಆತುರಪಡದೆ ಕಲ್ಲಿನ ನೆತ್ತಿಯನ್ನು ನೋಡಲು ಹೇಳಿರಿ. ಈ ಸೀಮೆಯ ಶೈವದಾನಶಾಸನಗಳಲ್ಲಿ ಸಾಮಾನ್ಯವಾಗಿ ನಡುವೆ ಲಿಂಗ, ಮೇಲೆ ಸೂರ್ಯಚಂದ್ರರು, ಪಕ್ಕದಲ್ಲಿ ಹಸುಕರು, ನಂದಿ ಇವುಗಳ ಉಬ್ಬುಚಿತ್ರಗಳಿರುತ್ತವೆ. ಸೂರ್ಯಚಂದ್ರರು ಏಕೆಂದು ಮಗು ಕೇಳಿದರೆ, ಅವರಿರುವವರೆಗೆ ಈ ದಾನವು ನಡೆಯಲೆಂಬ ಸಂಕಲ್ಪವೆಂದು ತಿಳಿಸಬಹುದು. ಆಚಂದ್ರಾರ್ಕವೆಂಬ ಮಾತು ಆಗ ಚಿತ್ರಸಹಿತವಾಗಿ ಅದರ ಮನಸ್ಸಿನಲ್ಲಿ ನಿಲ್ಲುತ್ತದೆ. ಆಮೇಲೆ ಶಾಸನದ ಅಂಗಗಳನ್ನು ಗುರುತಿಸುವುದು: ದೇವತಾಸ್ತುತಿ, ಆಳುವ ಅರಸನ ಬಿರುದುಗಳು, ಅವನ ಕೆಳಗಣ ಮಾಂಡಲಿಕನ ಹೆಸರು, ಶಕವರ್ಷ ಸಂವತ್ಸರ ತಿಥಿಗಳು, ದಾನದ ವಿವರ, ಕೊನೆಗೆ ದಾನವನ್ನು ಅಪಹರಿಸಿದವರಿಗೆ ಶಾಪ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕವು ದೊರೆಯುತ್ತದೆಂಬುದನ್ನು ಕಲಿತ ಮಗು ಗಣಿತವನ್ನೂ ಇತಿಹಾಸವನ್ನೂ ಏಕಕಾಲದಲ್ಲಿ ಅಭ್ಯಾಸ ಮಾಡುತ್ತದೆ. ಕಲ್ಲಿನ ಒಂದೇ ಸಾಲನ್ನು ಆರಿಸಿ ಕಂಡಂತೆಯೇ ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿ. ತಿಳಿಯದ ಅಕ್ಷರಕ್ಕೆ ಜಾಗ ಬಿಡಲಿ. ಊಹೆಯಿಂದ ತುಂಬದೆ ಜಾಗ ಬಿಡುವುದೇ ಇಲ್ಲಿ ಕಲಿಯಬೇಕಾದ ದೊಡ್ಡ ಶಿಸ್ತು.

ಮನೆಗೆ ಬಂದ ಮೇಲೆ ಹೋಲಿಸಿ ನೋಡುವುದಕ್ಕೆ, ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆಗಿದ್ದ ಜಾನ್ ಫೇತ್‌ಫುಲ್ ಫ್ಲೀಟನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಪ್ರಕಟಿಸಿದ ಅಬಲೂರಿನ ಶಾಸನಗಳ ಪಾಠವೂ ಇಂಗ್ಲಿಷ್ ಅನುವಾದವೂ ಉಪಯುಕ್ತವಾಗುತ್ತವೆ.

4. ಒಂದೇ ಪ್ರಸಂಗಕ್ಕೆ ಮೂರು ಸಾಕ್ಷಿಗಳನ್ನು ಕೇಳಿಸಿ

ಇಲ್ಲಿ ಅಬಲೂರಿನ ಸುದೈವವು ಅಸಾಧಾರಣವಾದುದು. ಆಳಂದದಲ್ಲಿ ಹುಟ್ಟಿ, ಹುಲಿಗೆರೆಯ ಸೋಮನಾಥನನ್ನು ಆರಾಧಿಸಿ, ಅಬ್ಬಲೂರಿಗೆ, ಎಂದರೆ ಇಂದಿನ ಅಬಲೂರಿಗೆ, ಬಂದು ನೆಲಸಿದ ಏಕಾಂತದ ರಾಮಯ್ಯನೆಂಬ ಶೈವಭಕ್ತನಿಗೂ, ಸಂಕಗೌಂಡನೇ ಮೊದಲಾದ ಇಲ್ಲಿನ ಜೈನರಿಗೂ ನಡೆದ ವಿವಾದವನ್ನು ಸೋಮೇಶ್ವರ ದೇವಾಲಯದ ಸುಮಾರು ಕ್ರಿ.ಶ. 1200ರ ಶಾಸನವು ವಿಸ್ತಾರವಾಗಿ ಹೇಳುತ್ತದೆ. ಅದೇ ದೇವಾಲಯದಲ್ಲಿ ಆ ಪ್ರಸಂಗವನ್ನು ಕಂಡರಿಸಿದ ಶಿಲ್ಪಗಳೂ ಅವಕ್ಕೆ ಹೊಂದಿದ ಕಿರುಬರಹಗಳೂ ಉಂಟು. ಹೆಚ್ಚುಕಡಿಮೆ ಅದೇ ಕಾಲದ ಮಹಾಕವಿ ಹರಿಹರನು ಈ ಭಕ್ತನನ್ನು ಕುರಿತು ಒಂದು ರಗಳೆಯನ್ನೇ ರಚಿಸಿದ್ದಾನೆ. ಕಲ್ಲಿನ ಬರಹ, ಕಲ್ಲಿನ ಚಿತ್ರ, ಕವಿಯ ಕಾವ್ಯ ಎಂಬ ಈ ಮೂರನ್ನೂ ಒಂದೆಡೆಯಲ್ಲಿಟ್ಟು ನೋಡುವ ಅವಕಾಶವು ಎಷ್ಟು ಊರುಗಳ ಮಕ್ಕಳಿಗಿದೆ?

ಶಾಸನವು ಹೇಳುವ ಕಥೆಯ ಸಾರವಿಷ್ಟು: ರಾಮಯ್ಯನು ತನ್ನ ಶಿರಸ್ಸನ್ನು ಕತ್ತರಿಸಿ ಶಿವನಿಗೆ ಅರ್ಪಿಸಿ ಮರಳಿ ಪಡೆದರೆ ಜಿನಬಿಂಬವನ್ನು ತೆಗೆದು ಶಿವನನ್ನು ಪ್ರತಿಷ್ಠಿಸುವೆವೆಂದು ಪ್ರತಿಪಕ್ಷದವರು ಓಲೆಯನ್ನು ಬರೆದುಕೊಟ್ಟರು, ಅವನು ಹಾಗೆಯೇ ಮಾಡಿ ಶಿರಸ್ಸನ್ನು ಪಡೆದ ಮೇಲೆ ಅವರು ಒಪ್ಪದಿರಲು ಬಿಂಬವನ್ನು ಕೆಡವಿದನು, ದೂರು ಕಳಚುರ್ಯ ದೊರೆ ಬಿಜ್ಜಳನ ಆಸ್ಥಾನಕ್ಕೆ ಹೋಯಿತು, ರಾಮಯ್ಯನು ಆ ಓಲೆಯನ್ನು ಮುಂದಿಟ್ಟು ಮತ್ತೊಮ್ಮೆ ಪಣಕ್ಕೆ ಸಿದ್ಧನಾಗಲು ಎದುರಾಳಿಗಳು ಹಿಂಜರಿದರು, ಬಿಜ್ಜಳನು ಅವನಿಗೆ ಜಯಪತ್ರವನ್ನು ಕೊಟ್ಟನು.

ಕಥೆ ಮುಗಿದ ಕೂಡಲೆ ಮಗುವು ಕೇಳುವ ಪ್ರಶ್ನೆ ಒಂದೇ: ಕತ್ತರಿಸಿದ ತಲೆ ಹೇಗೆ ಕೂಡಿಕೊಂಡಿತು? ಈ ಪ್ರಶ್ನೆಯನ್ನು ಗದರಿಸಿ ಅಡಗಿಸಬೇಡಿ, ಭಕ್ತಿಯನ್ನು ಹಳಿಯುವುದಕ್ಕೂ ಬಳಸಬೇಡಿ. ಹಾಳೆಯಲ್ಲಿ ಮೂರು ಅಂಕಣಗಳನ್ನು ಎಳೆಯಿಸಿರಿ. ಮೊದಲನೆಯದರಲ್ಲಿ ಈ ಕಲ್ಲಿನಿಂದ ನಿಶ್ಚಯವಾಗಿ ತಿಳಿಯುವ ಸಂಗತಿ: ಅಬ್ಬಲೂರೆಂಬ ಊರಿತ್ತು, ಅಲ್ಲಿ ಶೈವರೂ ಜೈನರೂ ಇದ್ದರು, ದೇವಾಲಯಕ್ಕೆ ದಾನಗಳು ಸಂದವು. ಎರಡನೆಯದರಲ್ಲಿ ಬರೆಸಿದವರು ನಂಬಿದ್ದ ಸಂಗತಿ: ಶಿರಸ್ಸಿನ ಪವಾಡ. ಮೂರನೆಯದರಲ್ಲಿ ಈ ಕಲ್ಲು ಹೇಳದೆ ಬಿಟ್ಟ ಸಂಗತಿ: ಎದುರುಪಕ್ಷದ ಮಾತು. ಇದೇ ಅಂಕಣಗಳನ್ನು ಶಿಲ್ಪಕ್ಕೂ ರಗಳೆಗೂ ಬೇರೆ ಬೇರೆಯಾಗಿ ತುಂಬಿಸಿದರೆ, ಮೂರು ಸಾಕ್ಷಿಗಳು ಕೂಡುವುದೆಲ್ಲಿ, ಅಗಲುವುದೆಲ್ಲಿ ಎಂಬುದನ್ನು ಮಗುವೇ ಕಂಡುಕೊಳ್ಳುತ್ತದೆ.

5. ವೈಮನಸ್ಯದ ಕಥೆಯನ್ನು ಮುಚ್ಚಿಡಬೇಡಿ, ವೈಮನಸ್ಯವನ್ನು ಬಿತ್ತಬೇಡಿ

ಮತಗಳ ನಡುವಣ ಕಲಹವನ್ನು ಮಕ್ಕಳಿಗೆ ಹೇಳಬೇಕೇ ಎಂದು ಸಂಕೋಚಪಡುವವರಿದ್ದಾರೆ. ಹೇಳಲೇಬೇಕು, ಏಕೆಂದರೆ ಮನೆಯಲ್ಲಿ ನ್ಯಾಯವಾಗಿ ಹೇಳದೆ ಬಿಟ್ಟುದನ್ನು ಬೀದಿಯಲ್ಲಿ ಅನ್ಯಾಯವಾಗಿ ಹೇಳುವವರು ಇದ್ದೇ ಇರುತ್ತಾರೆ. ಹೇಳುವಾಗ ಎರಡು ನಿಯಮಗಳನ್ನು ಪಾಲಿಸಿರಿ. ಮೊದಲನೆಯದು, ಈ ಶಾಸನವನ್ನು ಗೆದ್ದವರ ಕಡೆಯವರು ಬರೆಸಿದರೆಂಬುದನ್ನು ನೆನಪಿಸಿ, ಅಂದು ಸೋತವರು ಒಂದು ಕಲ್ಲನ್ನು ನಿಲ್ಲಿಸಿದ್ದರೆ ಅದರಲ್ಲಿ ಏನಿರುತ್ತಿತ್ತೆಂದು ಮಗುವಿನಿಂದಲೇ ಹತ್ತು ಸಾಲು ಬರೆಯಿಸುವುದು. ಅದು ಕಲ್ಪನೆಯೆಂದು ಮೇಲೆಯೇ ಗುರುತು ಹಾಕಿಸುವುದು. ಎರಡನೆಯದು, ಅದೇ ಮಗುವಿಗೆ ಪಂಪ, ರನ್ನ, ಜನ್ನರೆಂಬ ಜೈನಕವಿಗಳ ಪರಿಚಯವನ್ನೂ ಬಸವಣ್ಣ, ಅಕ್ಕಮಹಾದೇವಿಯರ ಪರಿಚಯವನ್ನೂ ಸಮಾನವಾದ ಗೌರವದಿಂದ ಮಾಡಿಕೊಡುವುದು. ಅಂದಿನವರ ತಪ್ಪಿಗಾಗಲಿ ಗೆಲವಿಗಾಗಲಿ ಇಂದಿನ ನೆರೆಹೊರೆಯವರು ಹೊಣೆಗಾರರಲ್ಲವೆಂಬುದು ಆಗ ಅದಕ್ಕೆ ತಾನಾಗಿ ಅರಿವಾಗುತ್ತದೆ.

6. ಊರಿನಿಂದ ದೇಶಕ್ಕೆ ಸರಪಣಿ ಕಟ್ಟಿ

ಅಬಲೂರಿನ ಆ ಒಂದೇ ಶಾಸನದಲ್ಲಿ ಬಿಜ್ಜಳನ ಬಳಿಕ ಚಾಲುಕ್ಯರ ನಾಲ್ವಡಿ ಸೋಮೇಶ್ವರನೂ ಹಾನಗಲ್ಲಿನ ಕದಂಬ ಕಾಮದೇವನೂ ಬರುತ್ತಾರೆ. ಬಿಜ್ಜಳನಿಂದ ಕಲ್ಯಾಣಕ್ಕೆ ಹೋಗಿ ಬಸವಣ್ಣನ ಕಾಲವನ್ನು ಓದಿರಿ. ಕಾಮದೇವನಿಂದ ಹಾನಗಲ್ಲಿಗೆ ಬಂದು ತಾರಕೇಶ್ವರ ದೇವಾಲಯವನ್ನು ನೋಡಿ, 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆ ಪಟ್ಟಣವನ್ನು ಮುತ್ತಿದ ಕಥೆಯನ್ನು ಹೇಳಿರಿ. ಕದಂಬರೆಂಬ ಹೆಸರನ್ನು ಹಿಡಿದು ಬನವಾಸಿಗೂ ತಾಳಗುಂದದ ಸ್ತಂಭಶಾಸನಕ್ಕೂ ಹೋದರೆ ಮಯೂರಶರ್ಮನೂ ಅವನು ಎದುರಿಸಿದ ಕಂಚಿಯ ಪಲ್ಲವರೂ ದೊರೆಯುತ್ತಾರೆ. ಹೀಗೆ ಒಂದು ಹೆಸರಿನಿಂದ ಮತ್ತೊಂದಕ್ಕೆ ನಡೆಯುತ್ತ ಮಗು ದಕ್ಷಿಣಾಪಥವನ್ನೂ ಅದರಾಚೆಯ ಭಾರತವನ್ನೂ ತಲುಪುತ್ತದೆ.

ಮುಂದಣ ಕಾಲಕ್ಕೂ ಈ ಸೀಮೆಯಲ್ಲಿಯೇ ಮೆಟ್ಟಿಲುಗಳಿವೆ. ಶಿಗ್ಗಾಂವಿ ತಾಲ್ಲೂಕಿನ ಬಾಡವು ಕನಕದಾಸರ ಮೂಲಕ ವಿಜಯನಗರದ ಕಾಲಕ್ಕೂ ಭಕ್ತಿಪಂಥಕ್ಕೂ, ಸವಣೂರು ನವಾಬರ ಕಾಲಕ್ಕೂ, ಶಿಶುನಾಳವು ಷರೀಫರ ಮೂಲಕ ಹತ್ತೊಂಬತ್ತನೆಯ ಶತಮಾನಕ್ಕೂ ಒಯ್ಯುತ್ತವೆ. ಶಾಸನವನ್ನು ಓದಿದ ಫ್ಲೀಟನು ಯಾವ ದೇಶದವನು, ಇಲ್ಲಿಗೇಕೆ ಬಂದನು ಎಂಬ ಪ್ರಶ್ನೆಯೊಂದೇ ಬ್ರಿಟಿಷರ ಆಳಿಕೆಯ ಪಾಠಕ್ಕೆ ಬಾಗಿಲು ತೆರೆಯುತ್ತದೆ. ಸ್ವಾತಂತ್ರ್ಯಸಂಗ್ರಾಮಕ್ಕೆ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರ ಜೀವನವೇ ಸಾಕು: 1930ರಲ್ಲಿ ಗಾಂಧೀಜಿಯವರೊಡನೆ ದಾಂಡಿಗೆ ನಡೆದ ಆ ತರುಣರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದರು, ಅವರೊಡನೆ ತಿರಕಪ್ಪ ಮಡಿವಾಳರೂ ವೀರಯ್ಯ ಹಿರೇಮಠರೂ ಪ್ರಾಣ ತೆತ್ತರು. ಕೊನೆಗೆ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ನೆಲವು 1956ರ ನವೆಂಬರ್ 1ರಂದು ಏಕೀಕೃತ ಮೈಸೂರು ರಾಜ್ಯಕ್ಕೆ ಬಂದುದನ್ನೂ, 1973ರಲ್ಲಿ ಆ ರಾಜ್ಯವು ಕರ್ನಾಟಕವಾದುದನ್ನೂ, 1997ರಲ್ಲಿ ಧಾರವಾಡದಿಂದ ಹಾವೇರಿ ಜಿಲ್ಲೆ ಬೇರೆಯಾದುದನ್ನೂ ನಕಾಶೆಯಲ್ಲಿ ಬಣ್ಣ ತುಂಬಿ ತೋರಿಸಿರಿ.

7. ಜನರ ಬಾಯಿಮಾತನ್ನೂ ತೂಗಲು ಕಲಿಸಿ

ಮಾಸೂರಿನ ಬಸವರಸನಿಗೂ ಅಬಲೂರಿನ ಕುಂಬಾರಗಿತ್ತಿ ಮಾಳಿಗೂ ಸರ್ವಜ್ಞನು ಮಗನೆಂಬುದು ಪರಂಪರೆಯಿಂದ ಬಂದ ಕಥೆ. ಇದನ್ನು ಊರಿನ ಇಬ್ಬರು ಮೂವರು ಹಿರಿಯರಿಂದ ಬೇರೆ ಬೇರೆಯಾಗಿ ಕೇಳಿ ಮಗು ಬರೆದುಕೊಳ್ಳಲಿ; ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂಬುದನ್ನೂ ಸೇರಿಸಲಿ. ಕಥೆಗಳಲ್ಲಿ ವ್ಯತ್ಯಾಸ ಕಂಡರೆ ಯಾವುದನ್ನೂ ಅಳಿಸಬಾರದು. ಕ್ರೈಸ್ತಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು ಬಹುಕಾಲ ಶ್ರಮಿಸಿ ತ್ರಿಪದಿಗಳನ್ನು ಸಂಗ್ರಹಿಸಿ, ಪರಿಷ್ಕರಿಸಿ, 1924ರಲ್ಲಿ ಪ್ರಕಟಿಸಿದುದರಿಂದಲೇ ಸರ್ವಜ್ಞನು ವಿದ್ವತ್ಪ್ರಪಂಚಕ್ಕೆ ಸಮಗ್ರವಾಗಿ ದೊರೆತನು. ಸಂಗ್ರಹಕಾರನ ಈ ತಾಳ್ಮೆಯೂ ಇತಿಹಾಸದ ಪಾಠವೇ.

8. ಬರಹ, ಪತ್ರ ಮತ್ತು ಪರೀಕ್ಷೆ

1928ರಲ್ಲಿ ಮಸ್ಸೂರಿಯಲ್ಲಿದ್ದ ಹತ್ತು ವರ್ಷದ ಮಗಳು ಇಂದಿರೆಗೆ ಅಲಹಾಬಾದಿನಿಂದ ಜವಾಹರಲಾಲ ನೆಹರೂ ಅವರು ಬರೆದ ಪತ್ರಗಳು ಮರುವರ್ಷ ಪುಸ್ತಕವಾದವು. ಬೆಣಚುಕಲ್ಲು, ಬಂಡೆಗಳನ್ನು ಓದುವುದರಿಂದ ಅವರು ಪಾಠವನ್ನು ಆರಂಭಿಸಿದರು. ನೀವೂ ತಿಂಗಳಿಗೊಂದು ಪತ್ರವನ್ನು ಮಗುವಿಗೆ ಬರೆಯಿರಿ. ಮಗುವು ಉತ್ತರ ಬರೆಯಲಿ. ಬಾಯಿಪಾಠದ ಪರೀಕ್ಷೆಗಿಂತ ಇದರಲ್ಲಿ ಗ್ರಹಿಕೆಯು ಚೆನ್ನಾಗಿ ಕಾಣುತ್ತದೆ.

ವ್ಯಾವಹಾರಿಕವಾಗಿ, ಆರರಿಂದ ಹದಿನಾಲ್ಕರವರೆಗಿನ ಮಕ್ಕಳಿಗೆ ಅನ್ವಯಿಸುವ 2009ರ ಶಿಕ್ಷಣ ಹಕ್ಕು ಕಾಯಿದೆಯನ್ನು ಗಮನದಲ್ಲಿಟ್ಟು, ಮನೆಶಿಕ್ಷಣವನ್ನು ಆರಂಭಿಸುವ ಮೊದಲೇ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಿರಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಮೂರು, ಐದು, ಎಂಟನೆಯ ತರಗತಿಗಳಿಗೆ ಸಮಾನವಾದ ಹಂತಗಳನ್ನೂ, ಹದಿನಾಲ್ಕು ತುಂಬಿದವರಿಗೆ ಹತ್ತನೆಯ ತರಗತಿಗೆ ಸಮಾನವಾದ ಪರೀಕ್ಷೆಯನ್ನೂ ನಡೆಸುತ್ತದೆ. ಪರೀಕ್ಷೆಗೆ ಒಂದು ವರ್ಷ ಮುಂಚೆ ಅದರ ಪಾಠಪಟ್ಟಿಯನ್ನು ನಿಮ್ಮ ಕಾಲದ ಹುರಿಯೊಡನೆ ಹೋಲಿಸಿ, ಬಿಟ್ಟುಹೋದ ಗಂಟುಗಳನ್ನು ತುಂಬಿಸಿದರೆ ಸಾಕು.

ಈ ಕ್ರಮದಿಂದ ನಡೆದ ಮಗುವಿಗೆ ಹದಿನಾಲ್ಕರ ವಯಸ್ಸಿಗೆ ಎಲ್ಲ ಅರಸರ ಹೆಸರೂ ಬಾರದಿರಬಹುದು. ಆದರೆ ಒಂದು ಮಾತನ್ನು ಕೇಳಿದೊಡನೆ ಹೇಳಿದವರಾರು, ಎಂದು, ಏತಕ್ಕೆ, ಹೇಳದೆ ಬಿಟ್ಟುದೇನು ಎಂಬ ನಾಲ್ಕು ಪ್ರಶ್ನೆಗಳು ಅದರ ನಾಲಗೆಯ ಮೇಲೆ ಬರುತ್ತವೆ. ಗತಕಾಲದ ಹೆಸರಿನಲ್ಲಿ ದಿನಕ್ಕೊಂದು ಮಾತು ಹುಟ್ಟುವ ಈ ಕಾಲದಲ್ಲಿ, ತನ್ನ ದೇಶವನ್ನು ಪ್ರೀತಿಸುತ್ತಲೇ ಆ ನಾಲ್ಕು ಪ್ರಶ್ನೆಗಳನ್ನು ಕೇಳಬಲ್ಲ ಪ್ರಜೆಗಿಂತ ಹೆಚ್ಚಿನ ಕಾಣಿಕೆಯನ್ನು ಒಂದು ಮನೆಯು ದೇಶಕ್ಕೆ ಕೊಡಲಾರದು.